ಗೋಡೆಯ ತಿರುವು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅರ್ಧ ಆಯಸ್ಸನ್ನು ಅದರ ಮೇಲೆ ಕಾಲಿಟ್ಟುಕೊಂಡೇ ಕಳೆದ ಹೆಂಗಸಿಗೆ ಕಲಿಯಲು ಬಂದವರು ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಹೆಸರು ಸುಳ್ಳಾಗಿರಲಿಲ್ಲ. ಬಸ್ಸಿನಲ್ಲಿ ಕೂತಾಗ ಎದುರಿಗೆ ಲಾರಿ ಬಂದರೆ ಅವಳ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಸಿನಿಮಾದಲ್ಲಿ ಕಾರು ಓಡಿದರೂ ಅಷ್ಟೇ. ಮುಂದಿನ ಸೀಟಿನವರು ತಿರುಗಿ ನೋಡಿ, "ಏನಮ್ಮಾ, ಒದೀತೀರಲ್ಲ?" ಎಂದು ಬೈದದ್ದೂ ಉಂಟು.

ಅವಳಿಗೆ ಒಬ್ಬನೇ ತಮ್ಮ. ಕಾರುಗಳ ಸೀಟಿಗೆ ಕವರ್ ಹೊಲಿಯುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ರೆಕ್ಸಿನ್ನಿನ ಸುರುಳಿಗಳು, ಸ್ಪಂಜಿನ ಚೂರುಗಳು, ಅಂಟಿನ ವಾಸನೆ. ಬಲಗಾಲಿನಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಬಾಯಲ್ಲಿ ಇಂಜಿನ್ನಿನ ಸದ್ದು ಮಾಡುವುದು ಅವನ ಅಭ್ಯಾಸ. ಹೆಂಡತಿ, "ಗೇರ್ ಬದಲಾಯಿಸ್ರೀ, ಊಟಕ್ಕೆ ಹೊತ್ತಾಯ್ತು" ಎಂದು ಒಳಗಿನಿಂದ ಕೂಗುತ್ತಿದ್ದಳು. ನಲವತ್ತು ದಾಟಿದರೂ ಕಾರಿನ ಹುಚ್ಚು ಬಿಟ್ಟಿರಲಿಲ್ಲ. ಗುಜರಿಗೆ ಹೋಗಬೇಕಿದ್ದ ಒಂದು ಪುಟ್ಟ ಕಾರನ್ನು ತಂದು, ಬಿಡುವಾದಾಗಲೆಲ್ಲ ಅದರ ಕೆಳಗೆ ಮಲಗಿ, ಓಡುವಂತೆ ಮಾಡಿಕೊಂಡಿದ್ದ.

ಅವನ ತಲೆಗೆ ಟ್ರ್ಯಾಕಿನ ಹುಳ ಬಿಟ್ಟವನು ಕ್ಯಾಪ್ಟನ್. ಹಡಗಿನ ಕ್ಯಾಪ್ಟನ್ನೋ, ಸೈನ್ಯದವನೋ ಯಾರಿಗೂ ಗೊತ್ತಿರಲಿಲ್ಲ. ಅವನ ಠೀವಿ ನೋಡಿದರೆ ಕೇಳುವ ಧೈರ್ಯವೂ ಬರುತ್ತಿರಲಿಲ್ಲ. ರಜಾದಿನಗಳಲ್ಲಿ ರೇಸ್ ಟ್ರ್ಯಾಕನ್ನು ಬಾಡಿಗೆಗೆ ಹಿಡಿದು, ಸ್ವಂತ ಕಾರನ್ನು ಮನಸಾರೆ ಓಡಿಸಬೇಕೆಂಬ ಆಸೆಯಿದ್ದವರನ್ನೆಲ್ಲ ಕರೆದುಕೊಂಡು ಹೋಗುವುದು ಅವನ ಕಸುಬು. ಅಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ಸಿಗ್ನಲ್ಲಿಲ್ಲದ, ಎದುರಿನಿಂದ ಯಾರೂ ಬಾರದ ದಾರಿಯಲ್ಲಿ ಹೊಟ್ಟೆ ತುಂಬ ಓಡಿಸಿ ಮನೆಗೆ ಬರುವುದು, ಅಷ್ಟೇ. ತನ್ನ ಕಾರಿನ ಸೀಟು ಹೊಲಿಸಲು ಬಂದವನು ತಮ್ಮನ ಬೆನ್ನು ತಟ್ಟಿ ಹೇಳಿದ:

"ಗುಡ್ಡದ ಟ್ರ್ಯಾಕಿಗೆ ಬಾರಯ್ಯ. ಕಲಿಯೋರಿಗೆ ಅಂತಲೇ ಹೇಳಿ ಮಾಡಿಸಿದ ಹಾಗಿದೆ. ಚಿಕ್ಕದು, ವೇಗ ಬರೋದೇ ಇಲ್ಲ. ಹೆದರಬೇಡ."

ತಮ್ಮ ಹಬ್ಬದ ಸಡಗರದಲ್ಲಿ ಹೊರಟ. ಅಕ್ಕನೂ ನೋಡಲು ಹೋದಳು. ಟ್ರ್ಯಾಕಿನ ಪಕ್ಕದ ದಿಬ್ಬದ ಮೇಲೆ ಕೂತು, ಪುಟ್ಟ ಕಾರು ಏರಿಳಿಯುವುದನ್ನು ನೋಡಿ ಅವಳಿಗೂ ಖುಷಿಯಾಯಿತು. ಒಂದು ಕಡೆ ದಾರಿ ಏರುತ್ತದೆ, ನೆತ್ತಿಯ ಆಚೆ ಏನಿದೆ ಎಂದು ಕಾಣುವುದಿಲ್ಲ. ನೆತ್ತಿ ದಾಟಿದ ಕೂಡಲೇ ಬಲಕ್ಕೆ ತಿರುವು, ಎಡಕ್ಕೆ ಸಿಮೆಂಟ್ ಗೋಡೆ. ಗೋಡೆಗೂ ದಾರಿಗೂ ನಡುವೆ ಒಂದು ಮಂಚ ಹಾಕುವಷ್ಟೂ ಜಾಗವಿಲ್ಲ. ಮೂರನೇ ಸುತ್ತಿನಲ್ಲಿ ತಮ್ಮ ನೆತ್ತಿ ದಾಟಿದವನು ಗೋಡೆ ಕಂಡು ಗಾಬರಿಯಾಗಿ ಬ್ರೇಕಿನ ಮೇಲೆ ನಿಂತ. ಟೈರು ಜಾರಿತು. ದಿಬ್ಬದ ಮೇಲೆ ಅಕ್ಕನೂ ನೆಲಕ್ಕೆ ಕಾಲು ಒತ್ತಿದ್ದಳು. ಸದ್ದು ಕೇಳಿದ ಮೇಲೂ ಒತ್ತಿಯೇ ಇದ್ದಳು.

ಜೀವಕ್ಕೇನೂ ಆಗಲಿಲ್ಲ. ಬಲಗಾಲಿನ ಹರಡಿನ ಕೀಲು ಮಾತ್ರ ಪೆಡಲಿನ ಮೇಲೆಯೇ ನುಚ್ಚುನೂರಾಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಬ್ರೇಕಕ್ಕ ಹಣೆಬರಹ ಎಂದು ಸುಮ್ಮನಾಗುತ್ತಿದ್ದಳೇನೋ. ಆದರೆ ಕ್ಯಾಪ್ಟನ್ ಆಸ್ಪತ್ರೆಗೆ ಬಂದ. ಮಂಚದ ಪಕ್ಕ ನಿಂತು, ನೋಡಲು ಬಂದಿದ್ದ ನೆಂಟರಿಷ್ಟರಿಗೆಲ್ಲ ಕೇಳುವ ಹಾಗೆ ಹೇಳಿದ: "ಟ್ರ್ಯಾಕ್ ಎಲ್ಲರ ಕಾಲಿಗೂ ಒಗ್ಗಲ್ಲ ನೋಡಿ. ಹೊಲಿಗೆ ಮಷೀನ್ ತುಳಿಯೋ ಕಾಲು, ಕಾರನ್ನೂ ಹಾಗೇ ತುಳಿದುಬಿಟ್ಟ!"

ನಾಲ್ಕು ಜನ ನಕ್ಕರು. ತಮ್ಮನೂ ನಕ್ಕ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗ ನಗುವ ಹಾಗೆ. ಆ ನಗು ನೋಡಿ ಬ್ರೇಕಕ್ಕನ ಹೊಟ್ಟೆಯೊಳಗೆ ಕೊಳ್ಳಿ ಇಟ್ಟ ಹಾಗಾಯಿತು. ಕ್ಯಾಪ್ಟನ್ನನ್ನು ಬಾಗಿಲವರೆಗೂ ಕಳಿಸಿಕೊಡಲು ಹೋದವಳು ಕೇಳಿದಳು.

"ಆ ಗೋಡೆ ವಿಷಯ ಅವನಿಗೆ ಮೊದಲೇ ಹೇಳಿದ್ರಾ?"

"ಕಣ್ಣು ಬಿಟ್ಕೊಂಡು ಓಡಿಸಿದ್ರೆ ಗೋಡೆ ಕಾಣುತ್ತಮ್ಮ."

ಅವನು ಮೆಟ್ಟಿಲಿಳಿದು ಮರೆಯಾಗುವವರೆಗೂ ಅವನ ಬೆನ್ನನ್ನೇ ನೋಡುತ್ತಾ ನಿಂತಳು. ನಿನ್ನ ನೀರಿಳಿಸದಿದ್ದರೆ ಕೇಳು, ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು.

ಬೀದಿಯಲ್ಲಿ ನಿಂತು ಬೈದರೆ ಜಗಳಗಂಟಿ ಎನ್ನುತ್ತಾರೆ. ಟ್ರ್ಯಾಕಿನ ಗಂಧಗಾಳಿ ಗೊತ್ತಿಲ್ಲದವಳು ಎಂದು ಅವನೇ ಆಡಿಕೊಳ್ಳುತ್ತಾನೆ. ಆದ್ದರಿಂದ ಅವಳು ಹೆಲ್ಮೆಟ್ ಕೊಂಡಳು. ಮದುವೆ, ನಾಮಕರಣ ಯಾವುದಕ್ಕೂ ಹೋಗದೆ, ರಜೆ ಬಂದರೆ ಸಾಕು, ತನ್ನ ಹಳೇ ಕಾರು ಹತ್ತಿ ಹೊರಡುತ್ತಿದ್ದಳು. "ಈ ವಯಸ್ಸಲ್ಲಿ ಇದೇನು ಖಯಾಲಿ?" ಎಂದು ಡ್ರೈವಿಂಗ್ ಸ್ಕೂಲಿನ ಮಾಲೀಕರು ಕೇಳಿದರೆ, "ಆರೋಗ್ಯಕ್ಕೆ ಒಳ್ಳೇದಂತೆ" ಎಂದಳು.

ಮೊದಲು ಹೋದದ್ದು ಹಳೆಯ ವಿಮಾನ ನಿಲ್ದಾಣಕ್ಕೆ. ಈಗ ಅಲ್ಲಿ ವಿಮಾನ ಇಳಿಯುವುದಿಲ್ಲ. ಕಿತ್ತಳೆ ಬಣ್ಣದ ಟೋಪಿಯಂಥ ಗುರುತುಗಳನ್ನಿಟ್ಟು ದಾರಿ ಮಾಡಿರುತ್ತಾರೆ. ಊರಲ್ಲಿ ಅಷ್ಟು ಜನಕ್ಕೆ ಕಲಿಸಿದವಳು ನಾನು, ಇದೇನು ಮಹಾ ಎಂದುಕೊಂಡು ನುಗ್ಗಿದವಳ ಕಾರು ಮೊದಲ ತಿರುವಿನಲ್ಲೇ ಬುಗುರಿಯಂತೆ ತಿರುಗಿ, ಬಂದ ಕಡೆಗೇ ಮುಖ ಮಾಡಿ ನಿಂತಿತು. ಬಾವುಟ ಹಿಡಿದು ನಿಂತಿದ್ದ ಹಿರಿಯರು ನಿಧಾನವಾಗಿ ನಡೆದು ಬಂದು ಕಿಟಕಿ ತಟ್ಟಿದರು.

"ಏನಮ್ಮಾ, ಮನೆಗೆ ಹೊರಟ್ರಾ?"

"ಇಲ್ಲ ಸ್ವಾಮಿ, ಜಾಗ ಚೆನ್ನಾಗಿದೆ ಅಂತ ಸುತ್ತಲೂ ನೋಡ್ತಾ ಇದ್ದೆ."

"ನೋಡಿ, ನೋಡಿ. ಇಲ್ಲಿ ಗುದ್ದೋಕೆ ಏನೂ ಇಲ್ಲ. ಎಷ್ಟು ಸಲ ತಿರುಗಿದ್ರೂ ಕೇಳೋರಿಲ್ಲ."

ಆ ಮಾತು ಅವಳ ಮನಸ್ಸಿಗೆ ನಾಟಿತು. ಆ ಬಯಲು ಬೇಸರದ ಜಾಗ ನಿಜ. ನೆರಳಿಲ್ಲ, ಏರಿಳಿತವಿಲ್ಲ, ಕಾಂಕ್ರೀಟಿನ ಸಂದುಗಳು ಟೈರನ್ನು ತಿಂದುಹಾಕುತ್ತವೆ, ಎಲ್ಲಿ ತಿರುಗಬೇಕೆಂದು ಗುರುತಿಟ್ಟುಕೊಳ್ಳಲು ಒಂದು ಮರವೂ ಇಲ್ಲ. ಆದರೆ ತಪ್ಪು ಮಾಡಿದವರು ನಾಲ್ಕು ಟೋಪಿ ಬೀಳಿಸಿ, ಬೈಸಿಕೊಂಡು, ಎರಡು ಕಾಲ ಮೇಲೆ ಮನೆಗೆ ಹೋಗುತ್ತಾರೆ. ಬಾವುಟದ ಹಿರಿಯರೇ ಅವಳಿಗೆ ಗುರುಗಳಾದರು. ಬ್ರೇಕ್ ಮುಗಿಸಿ ತಿರುಗಬೇಕು, ತಿರುಗುತ್ತಾ ಬ್ರೇಕ್ ಒತ್ತಬಾರದು; ಕಣ್ಣು ಎಲ್ಲಿ ನೋಡುತ್ತದೋ ಕಾರು ಅಲ್ಲಿಗೇ ಹೋಗುತ್ತದೆ; ಎಂದೆಲ್ಲ ಹೇಳಿಕೊಟ್ಟರು. ತಾನು ಊರಿಗೆಲ್ಲ ಮಾಡುವ ಪಾಠವನ್ನು ತಲೆ ಬಗ್ಗಿಸಿ ಕೇಳುವುದು ಅವಳಿಗೆ ಮೊದಮೊದಲು ಕಷ್ಟವಾಯಿತು. ಕ್ಯಾಪ್ಟನ್ನಿನ ಮುಖ ನೆನಪಾದಾಗ ಸುಲಭವಾಯಿತು.

ಆಮೇಲೆ ದೊಡ್ಡ ಟ್ರ್ಯಾಕಿಗೆ ಹೋದಳು. ಅಲ್ಲಿನ ನೇರ ದಾರಿ ಮುಗಿಯುವುದೇ ಇಲ್ಲ. ಅವಳ ಹಳೇ ಕಾರು ಉಸಿರು ಕಟ್ಟಿ ಓಡುತ್ತಿದ್ದರೆ, ಹಿಂದಿನ ಕನ್ನಡಿಯಲ್ಲಿ ಚುಕ್ಕಿಯಂತೆ ಕಂಡ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಮಗ್ಗುಲಲ್ಲೇ ಗುಡುಗುತ್ತಿತ್ತು. ಮೊದಲ ದಿನ ಅವಳು ದಾರಿಯ ಅಂಚು ಬಿಟ್ಟು ಕದಲಲಿಲ್ಲ. ಆದರೆ ಅಲ್ಲಿ ಕಟ್ಟುನಿಟ್ಟು ಬಹಳ. ಹೊಸಬರ ಪಕ್ಕದಲ್ಲಿ ಕಲಿಸುವವರು ಕೂರಲೇಬೇಕು. ಮುಂದಿನವರು ಕೈ ತೋರಿಸದೆ ಯಾರೂ ಮುನ್ನುಗ್ಗುವಂತಿಲ್ಲ. ತಿರುವುಗಳ ಹೊರಗೆಲ್ಲ ಜಲ್ಲಿಕಲ್ಲಿನ ಅಗಲವಾದ ಹಾಸು, ಹದ ತಪ್ಪಿದ ಕಾರು ಅದರಲ್ಲಿ ಹೂತು ನಿಲ್ಲುತ್ತದೆ. ಆಂಬುಲೆನ್ಸ್ ಬಾರದೆ ಗೇಟೇ ತೆರೆಯುವುದಿಲ್ಲ. ಅವಳು ಎರಡು ಸಲ ಜಲ್ಲಿಯಲ್ಲಿ ಹೂತುಕೊಂಡಳು. ಎರಡು ಸಲವೂ ನಗುತ್ತಾ ಹೊರಬಂದಳು.

ಕೊನೆಗೆ ಗುಡ್ಡದ ಟ್ರ್ಯಾಕಿಗೆ, ಕ್ಯಾಪ್ಟನ್ ಇಲ್ಲದ ದಿನಗಳನ್ನು ನೋಡಿಕೊಂಡು ಹೋಗತೊಡಗಿದಳು. ನಿಜ ಹೇಳಬೇಕೆಂದರೆ ಮೂರರಲ್ಲಿ ಅದೇ ಚೆಂದ. ಬಲ್ಲವರಿಗೆ ಅದು ಕುಣಿತದ ಹಾಗೆ. ಅದಕ್ಕೇ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. ಇಂಥ ಜಾಗಕ್ಕೆ ಏನೂ ತಿಳಿಯದವರನ್ನು ಯಾಕೆ ತಂದು ಬಿಡುತ್ತಾನೆ ಎಂದು ವಿಚಾರಿಸಿದರೆ, ಉತ್ತರ ಸರಳವಾಗಿತ್ತು: ಅಲ್ಲಿ ಕೇಳಿದ ದಿನ ಜಾಗ ಸಿಗುತ್ತದೆ, ಪಕ್ಕದಲ್ಲಿ ಯಾರನ್ನೂ ಕೂರಿಸಬೇಕಿಲ್ಲ, ಆಂಬುಲೆನ್ಸ್ ಎಲ್ಲಿ ಎಂದು ಕೇಳುವವರಿಲ್ಲ. ಅವಳು ಆ ಗೋಡೆಯ ತಿರುವನ್ನು ಮೊದಲು ನಡೆದು ನೋಡಿದಳು. ಆಮೇಲೆ ನಿಧಾನವಾಗಿ ಓಡಿಸಿದಳು, ಸ್ವಲ್ಪ ಜೋರಾಗಿ, ಇನ್ನೂ ಜೋರಾಗಿ. ಗೋಡೆಯ ಮೇಲೆ ತಮ್ಮನ ಕಾರಿನ ಬಣ್ಣ ಇನ್ನೂ ಅಂಟಿಕೊಂಡಿತ್ತು. ಕಣ್ಣು ಅದರ ಮೇಲೆ ಹೋಗದಂತೆ ತಡೆಯುವುದೇ ಎಲ್ಲಕ್ಕಿಂತ ಕಷ್ಟದ ಕಲಿಕೆಯಾಯಿತು. ವರ್ಷ ಕಳೆಯುವ ಹೊತ್ತಿಗೆ ನೆತ್ತಿಯ ಆಚೆ ಕಾರಿನ ಎಡಚಕ್ರ ಎಲ್ಲಿ ಇಳಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು.

ಈಗ ಕ್ಯಾಪ್ಟನ್ ಹೊಸಬರನ್ನು ಕರೆತರುವ ದಿನಕ್ಕೆ ಕಾದಳು.

ಆ ಬೆಳಿಗ್ಗೆ ಗುಡ್ಡದ ಟ್ರ್ಯಾಕಿನ ಶೆಡ್ಡಿನಲ್ಲಿ ಐದಾರು ಜನ ಕಾಫಿ ಲೋಟ ಹಿಡಿದು ನಿಂತಿದ್ದರು. ಹೊಸದಾಗಿ ಮದುವೆಯಾದ ಒಂದು ಜೋಡಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ, ಇಬ್ಬರು ಅಂಗಡಿಯವರು. ಕ್ಯಾಪ್ಟನ್ ಮೇಜಿಗೆ ಒರಗಿ ಅದೇ ಹಾಡು ಹಾಡುತ್ತಿದ್ದ: ಕಲಿಯೋರ ಟ್ರ್ಯಾಕು, ಚಿಕ್ಕದು, ಹೆದರಬೇಡಿ. ಬ್ರೇಕಕ್ಕ ಹಿಂದಿನಿಂದ ಕೇಳಿದಳು.

"ಸರ್, ಅಷ್ಟು ಸುಲಭ ಅಂದ್ರೆ ಒಂದು ಸಲ ನನ್ನ ಪಕ್ಕ ಕೂತ್ಕೊಂಡು ದಾರಿ ತೋರಿಸ್ತೀರಾ?"

ಅವನಿಗೆ ಗುರುತು ಸಿಕ್ಕಿತು. ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆದರೆ ಅಷ್ಟು ಜನರ ಎದುರು ಹಿಂಜರಿಯುವುದು ಹೇಗೆ? "ರಿವರ್ಸ್ ಪಾರ್ಕಿಂಗ್ ಕಲಿಸೋ ಮೇಡಂ! ಬನ್ನಿ, ಬನ್ನಿ, ನಿಮಗೂ ಕಲಿಸೋಣ" ಎಂದು ನಗಿಸಿ, ಹೆಲ್ಮೆಟ್ ಹಾಕಿಕೊಂಡು ಅವಳ ಎಡಕ್ಕೆ ಬಂದು ಕೂತ.

ಮೊದಲ ಸುತ್ತು ಅವಳು ಮದುವೆ ಮೆರವಣಿಗೆಯಂತೆ ಹೋದಳು. ಅವನು ಕೈ ಬೀಸಿ ಪಾಠ ಹೇಳಿದ. ಎರಡನೇ ಸುತ್ತಿನಲ್ಲಿ ಏರು ಬಂದಾಗ ಅವಳು ಕಾಲು ಎತ್ತಲಿಲ್ಲ. ನೆತ್ತಿಯಲ್ಲಿ ಕಾರು ಹಗುರಾಯಿತು, ಎದುರಿಗೆ ಆಕಾಶ ಮಾತ್ರ ಕಂಡಿತು, ಮರುಕ್ಷಣ ಎಡಗಿಟಕಿಯ ತುಂಬ ಗೋಡೆ. ಕ್ಯಾಪ್ಟನ್ನಿನ ಎರಡೂ ಕಾಲು ನೆಲವನ್ನು ಒತ್ತುತ್ತಿದ್ದುದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಅಲ್ಲಿ ಬ್ರೇಕ್ ಇರಲಿಲ್ಲ.

"ನಿಧಾನ! ಏ, ನಿಧಾನ ಕಣಮ್ಮ!"

"ಚಿಕ್ಕ ಟ್ರ್ಯಾಕಲ್ವಾ ಸರ್, ವೇಗ ಬರೋದೇ ಇಲ್ಲ."

ಮೂರನೇ ಸುತ್ತಿನಲ್ಲಿ ಇನ್ನೂ ಜೋರು. ಆಗ ಅವಳೊಳಗೆ ಒಂದು ಯೋಚನೆ ಬಂತು, ಬಂದದ್ದಕ್ಕೆ ಅವಳು ಬೆಚ್ಚಲೂ ಇಲ್ಲ: ಸ್ಟೇರಿಂಗನ್ನು ಒಂದು ಬೆರಳಿನಷ್ಟು ಸಡಿಲಬಿಟ್ಟರೆ ಸಾಕು, ಗೋಡೆ ಇರುವುದು ಅವನ ಕಡೆಗೆ. ಎಷ್ಟು ಸುಲಭ ಎನ್ನಿಸಿತು. ಎಷ್ಟು ನ್ಯಾಯ ಎಂದೂ ಅನ್ನಿಸಿತು. ಬೆರಳು ಸಡಿಲವಾಗಲಿಲ್ಲ. ಅದು ಕರುಣೆಯೋ, ಒಂದು ವರ್ಷದ ಅಭ್ಯಾಸವೋ, ಅವಳಿಗೇ ತಿಳಿಯದು. ಕಾರು ಗೋಡೆಯನ್ನು ಸವರಿದಂತೆ ದಾಟಿತು. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡು, "ತಪ್ಪಾಯ್ತು, ತಪ್ಪಾಯ್ತಮ್ಮ, ಅವನನ್ನ ಇಲ್ಲಿಗೆ ಕರೀಬಾರದಿತ್ತು, ನಿಲ್ಸು" ಎಂದು ಗೋಗರೆಯುತ್ತಿದ್ದ.

"ಇದನ್ನೇ ಕೆಳಗಿಳಿದು ಎಲ್ಲರ ಮುಂದೆ ಹೇಳ್ತೀರಾ?"

"ಹೇಳ್ತೀನಿ, ನಿಲ್ಸು."

ಅವಳು ಶೆಡ್ಡಿನ ಮುಂದೆ ತಂದು ನಿಲ್ಲಿಸಿದಳು. ಜನ ಕಂಡ ಕೂಡಲೇ ಅವನಿಗೆ ಠೀವಿ ಮರಳಿತು. ಹೆಲ್ಮೆಟ್ ತೆಗೆದು, ಕೂದಲು ನೇವರಿಸಿಕೊಂಡು, "ಮೇಡಂ ಪರವಾಗಿಲ್ಲ, ಚೆನ್ನಾಗೇ..." ಎಂದು ಶುರುಮಾಡಿ ಎರಡು ಹೆಜ್ಜೆ ಇಟ್ಟ. ಅಲ್ಲೇ ನೆಲದ ಮೇಲೆ ಕುಸಿದು ಕೂತು, ಬೆಳಗಿನ ಕಾಫಿಯನ್ನೆಲ್ಲ ಕಾರಿಕೊಂಡ.

ಬ್ಯಾಂಕಿನ ಮಹಿಳೆ ನೀರಿನ ಬಾಟಲಿ ಕೊಡುತ್ತಾ ಕೇಳಿದಳು: "ಸರ್, ಪಕ್ಕದಲ್ಲಿ ಕೂತ ನಿಮಗೇ ಹೀಗಾದ್ರೆ, ಮೊದಲ ಸಲ ಬಂದ ನಮ್ಮನ್ನ ಒಬ್ಬೊಬ್ಬರನ್ನೇ ಬಿಡ್ತೀರಾ?"

ಅವನು ನೀರು ಕುಡಿದ. ಉತ್ತರವನ್ನು ಬ್ರೇಕಕ್ಕ ಕೊಟ್ಟಳು. ತಮ್ಮನ ಕಾಲಿನ ಕತೆ ಹೇಳಿದಳು, ಗೋಡೆಯ ಮೇಲಿನ ಬಣ್ಣ ತೋರಿಸಿದಳು. ಮೊದಲು ಹಳೆಯ ವಿಮಾನ ನಿಲ್ದಾಣದ ಬಯಲಿಗೆ ಹೋಗಿ, ಮನಸಾರೆ ತಪ್ಪು ಮಾಡಿ. ಕೈ ಹದವಾದ ಮೇಲೆ ದೊಡ್ಡ ಟ್ರ್ಯಾಕು, ಪಕ್ಕದಲ್ಲಿ ಕಲಿಸುವವರನ್ನು ಕೂರಿಸಿಕೊಂಡೇ. ಇಲ್ಲಿಗೆ ಬರಬೇಕೆಂದರೆ ವರ್ಷ ಬಿಟ್ಟು ಬನ್ನಿ ಎಂದಳು. ಮದುವೆಯ ಜೋಡಿ ಕೀಲಿ ತೆಗೆದುಕೊಂಡು ಹೊರಟಿತು, ಹಿಂದೆಯೇ ಅಂಗಡಿಯವರು, ಬ್ಯಾಂಕಿನ ಮಹಿಳೆ. ಮಧ್ಯಾಹ್ನಕ್ಕೆ ಶೆಡ್ಡಿನಲ್ಲಿ ಕ್ಯಾಪ್ಟನ್ ಮತ್ತು ಕಾಫಿ ಲೋಟಗಳು ಮಾತ್ರ ಉಳಿದವು. ಸುದ್ದಿ ಊರೆಲ್ಲ ಹಬ್ಬಿತು. ಹೊಸಬರು ಅವನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಬ್ರೇಕಕ್ಕ ಗೆದ್ದ ಮುಖ ಹೊತ್ತು ತಮ್ಮನ ಅಂಗಡಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಈಗ ಎಡಗಾಲಿನಲ್ಲಿ ಯಂತ್ರ ತುಳಿಯುತ್ತಿದ್ದ. ಹೊಲಿಗೆ ಮೊದಲಿನಷ್ಟು ನೆಟ್ಟಗೆ ಬರುತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಅವನ ಕಾಲು ನಿಂತಿತು.

"ಅಕ್ಕ, ಅವನನ್ನ ಗೋಡೆಗೆ ಹೊಡೆಯೋ ಮನಸ್ಸಿತ್ತಾ ನಿನಗೆ?"

"ಇತ್ತು."

"ಅವನ ಕಾಲು ಮುರಿದಿದ್ರೆ ನನ್ನ ಕಾಲು ಸರಿಹೋಗ್ತಿತ್ತಾ?"

"ಇಲ್ಲ. ಆದ್ರೆ ನನ್ನ ಹೊಟ್ಟೆ ತಣ್ಣಗಾಗ್ತಿತ್ತು."

"ನೀನೂ ಅದೇ ಕಾರಲ್ಲಿ ಇದ್ದೆ ಅನ್ನೋದು ನೆನಪಿತ್ತಾ?" ಎಂದ ತಮ್ಮ. ಆಮೇಲೆ ಮತ್ತೆ ಯಂತ್ರ ತುಳಿಯತೊಡಗಿದ. ಒಳಗಿನಿಂದ ಬಂದ ಅವನ ಹೆಂಡತಿ ಮಾತ್ರ ಬ್ರೇಕಕ್ಕನ ಕೈ ಹಿಡಿದು, ಗಂಡನಿಗೆ ಕೇಳದ ಹಾಗೆ, "ವಾಂತಿ ಮಾಡ್ಕೊಂಡಿದ್ದು ನಿಜಾನಾ?" ಎಂದು ಕೇಳಿದಳು. ನಿಜ ಎಂದಾಗ ಅವಳ ಮುಖ ಅರಳಿತು.

ತಮ್ಮ ಕೆಲವು ವಾರ ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಅವಳು ಟೈರಿನ ಅಂಗಡಿಗೆ ಹೊರಟಾಗ ತಾನಾಗಿ ಬಂದು ಕಾರಿನಲ್ಲಿ ಕೂತ. ಟೈರಿಗೆ ಗಾಳಿ ಹಾಕಿಸಿ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ನಿನ ಕಾರು ಅದೇ ಅಂಗಡಿಗೆ ಬಂದು ಹಿಂದೆ ನಿಂತಿತು. ಇವರನ್ನು ನೋಡಿದವನು ಇಳಿಯಲೂ ಆಗದೆ, ಹಿಂದೆ ಬಸ್ಸೊಂದು ಬಂದು ನಿಂತಿದ್ದರಿಂದ ಹೋಗಲೂ ಆಗದೆ, ಕಿಟಕಿಯ ಆಚೆ ಮುಖ ತಿರುಗಿಸಿಕೊಂಡು ಕೂತ. ಬ್ರೇಕಕ್ಕ ಅಂಗಡಿಯವನಿಗೆ ನಾಲ್ಕೂ ಚಕ್ರದ ಗಾಳಿಯನ್ನು ಇನ್ನೊಮ್ಮೆ ನೋಡಲು ಹೇಳಿದಳು.

"ಸಾಕು ಅಕ್ಕ, ಹೋಗೋಣ," ಎಂದ ತಮ್ಮ.

"ಇರೋ," ಎಂದಳು ಅವಳು, "ಸ್ಟೆಪ್ನಿ ಒಂದು ಬಾಕಿ ಇದೆ."