ಸೈಕಲ್ಲಿನ ಖರೇ ರೇಟು

ನಮ್ಮ ಕಡೆ ಯಾರ ಹತ್ತಿರ ಹೊಸ ವಸ್ತು ಕಂಡರೂ ಮೊದಲು ಕೇಳುವುದು ರೇಟು. ಸೀರೆಯಾಗಲಿ, ಹೋರಿಯಾಗಲಿ, ಸಂತೆಯ ಬದನೆಕಾಯಿಯಾಗಲಿ, ‘ಎಷ್ಟ ಬಿತ್ತು?’ ಅಂದ ಮೇಲೆಯೇ ಮುಂದಿನ ಮಾತು. ಅದರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ. ನಾನೂ ಕೇಳುತ್ತೇನೆ.

ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ನಲವತ್ತೈದು ದಾಟಿದ ಮೇಲೆ, ಮಗಳು ಬಿಟ್ಟುಹೋದ ಹಳೇ ಸೈಕಲ್ ಹತ್ತಿ ಬೆಳಿಗ್ಗೆ ಮುಳವಾಡದ ಕಡೆ ಕಾಲುವೆಯ ದಂಡೆ ಹಿಡಿದು ಹೋಗುವುದು ಶುರುವಾಯಿತು. ಮೊದಮೊದಲು ಆರೋಗ್ಯಕ್ಕೆ ಅಂದುಕೊಂಡಿದ್ದೆ. ಆಮೇಲೆ ಅದು ಬರೀ ಆರೋಗ್ಯದ ಮಾತಾಗಿ ಉಳಿಯಲಿಲ್ಲ. ಎದುರುಗಾಳಿಯಲ್ಲಿ ತುಳಿಯುವಾಗ ನಾನು ಯಾರ ಟೀಚರೂ ಅಲ್ಲ, ಯಾರ ತಾಯಿಯೂ ಅಲ್ಲ ಅನಿಸುತ್ತಿತ್ತು. ಪಗಾರಿನಲ್ಲಿ ಕೂಡಿಡುತ್ತ ಬಂದು, ಕೊನೆಗೆ ಪುಣೆಯಿಂದ ಒಂದು ರೇಸಿಂಗ್ ಸೈಕಲ್ ತರಿಸಿದೆ. ಒಂದು ಲಕ್ಷ ಇಪ್ಪತ್ತು ಸಾವಿರ.

ಹಾರ್ಡ್‌ವೇರ್ ಅಂಗಡಿ ನಡೆಸುವ ನನ್ನ ಗಂಡ ಬೇಡ ಅನ್ನಲಿಲ್ಲ. ‘ರೇಟ್ ಮಾತ್ರ ಯಾರ ಮುಂದೂ ಹೇಳಬ್ಯಾಡ’ ಎಂದಷ್ಟೇ ಹೇಳಿದರು. ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅವರೇ ‘ಹದಿನೈದು ಸಾವಿರ ರೀ’ ಅಂದುಬಿಡುತ್ತಿದ್ದರು. ಅಷ್ಟಕ್ಕೇ ಜನ ಹುಬ್ಬೇರಿಸುತ್ತಿದ್ದರು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡೂ ಇಲ್ಲದ ಸೈಕಲ್ಲಿಗೆ ಹದಿನೈದು ಸಾವಿರವೇ!

ದಸರಾ ಸೂಟಿಯಲ್ಲಿ ತವರಿಗೆ ಸೈಕಲ್ ಮೇಲೆಯೇ ಹೋಗುತ್ತೇನೆಂದು ಹಟ ಹಿಡಿದೆ. ತವರು ಇಂಡಿ ಹತ್ತಿರದ ಹಳ್ಳಿ. ಬೆಳಕು ಹರಿಯುವ ಹೊತ್ತಿಗೆ ಹೊರಟು, ವಿಜಯಪುರದಲ್ಲಿ ಇಡ್ಲಿ ತಿಂದು, ಮಧ್ಯಾಹ್ನ ಮನೆ ಮುಟ್ಟಿದೆ. ಇವರು ಬ್ಯಾಗುಗಳ ಸಮೇತ ಕಾರಿನಲ್ಲಿ ಹಿಂದೆ ಬಂದರು. ನನ್ನ ಅಣ್ಣ ಲಿಂಬೆ ತೋಟದ ರೈತ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಒಂದೇ ಕೈಯಲ್ಲಿ ಎತ್ತಿ ನೋಡಿ ನಕ್ಕ.

‘ಎಷ್ಟ ಬಿತ್ತು?’

‘ಹದಿನೈದು ಸಾವಿರ’ ಅಂದರು ಇವರು, ಎಂದಿನಂತೆ. ನಾನು ಸುಸ್ತಾಗಿದ್ದೆ. ಸುಮ್ಮನೆ ಒಳಗೆ ಹೋಗಿ ಉಂಡು ಮಲಗಿದೆ.

ಎದ್ದು ಹೊರಗೆ ಬಂದಾಗ ಅಣ್ಣ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಅಂಗಳಕ್ಕೆ ಬರುತ್ತಿದ್ದ. ಮೊಣಕೈ ತರಚಿತ್ತು. ತೋಟದಿಂದ ಒಂದು ಚೀಲ ಲಿಂಬೆಹಣ್ಣನ್ನು ಸೈಕಲ್ಲಿನ ನಡುವಿನ ಪೈಪಿನ ಮೇಲೆ ಹೇರಿಕೊಂಡು ಬರುವಾಗ ಬದುವಿನ ಕಲ್ಲಿಗೆ ಬಡಿದು ಬಿದ್ದಿದ್ದನಂತೆ. ಮುಂದಿನ ಗಾಲಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

‘ನಿನ್ನ ಸೈಕಲ್ಲಿಗೆ ತಾಕತ್ತ ಇಲ್ಲ ಬಿಡ ತಂಗಿ’ ಎಂದು ನಗುತ್ತ, ಕಿಸೆಯಿಂದ ನೋಟು ತೆಗೆದು ನನ್ನ ಕೈಗಿಟ್ಟ. ‘ಎರಡ ಸಾವಿರ ಐತಿ. ಹೊಸಾ ಗಾಲಿ ಹಾಕಿಸ್ಕೊ. ಉಳದದ್ದು ಇಟ್ಕೊ.’

ಇವರು ಅಣ್ಣನ ಬೆನ್ನ ಹಿಂದೆ ನಿಂತು ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ನಾನು ನೋಟುಗಳನ್ನು ಅವನ ಕೈಗೇ ತಿರುಗಿ ಕೊಟ್ಟೆ.

‘ಇದು ಬ್ಯಾಡ ಅಣ್ಣಾ. ಈ ಗಾಲಿ ಒಂದಕ್ಕೇ ಇಪ್ಪತ್ತು ಸಾವಿರ ಆಗತೈತಿ. ಸೈಕಲ್ಲಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಕೊಟ್ಟೇನಿ. ನನ್ನ ಪಗಾರದಾಗ ಉಳಿಸಿದ್ದು.’

ಅಣ್ಣನ ನಗು ನಿಂತಿತು. ಬಾಗಿಲಲ್ಲಿದ್ದ ವೈನಿ, ಅಣ್ಣನ ಹೆಂಡತಿ, ಸೆರಗು ಬಾಯಿಗೆ ಹಿಡಿದರು. ಅವನು ನೋಟುಗಳನ್ನು ಮಡಚಿ ಕಿಸೆಗಿಟ್ಟ.

‘ಟ್ರ್ಯಾಕ್ಟರ್ ತಂದಾಗ ಎಷ್ಟ ಆತು ಅಂತ ಮೊದಲ ನಿನಗ ಹೇಳಿದ್ದೆ’ ಅಂದ. ‘ಖರೇ ರೇಟ್ ಗೊತ್ತಿದ್ರ ನಾ ಇದನ್ನ ಮುಟ್ಟತಿದ್ದಿಲ್ಲ. ನಾ ಏನ್ ಹೊರಗಿನಾವ ಆದ್ನೇನು?’

ಪೂರ್ತಿ ಹಣ ಕೊಡಲು ಬಂದ. ನಾನು ಒಪ್ಪಲಿಲ್ಲ. ಮರುದಿನ ನಾವು ಹೊರಡುವಾಗ ಅವನು ತೋಟದಲ್ಲಿದ್ದ. ಕಳಿಸಲು ಬರಲಿಲ್ಲ.

ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ವಾಪಸ್ ಬರುವಾಗ ಇವರು ಸಿಟ್ಟಿನಲ್ಲಿದ್ದರು. ‘ಹೇಳಿ ಏನ್ ಸಾಧಿಸಿದಿ? ಅವನ ಮನಸ್ಸ ನೋಯಿಸಿದಿ.’

‘ನೋಯಿಸಿದ್ದು ಒಂದ ಲಕ್ಷ ಅಲ್ರಿ. ಹದಿನೈದ ಸಾವಿರ.’

ಸ್ವಲ್ಪ ದೂರ ಹೋದ ಮೇಲೆ ಅವರು ಮೆಲ್ಲಗೆ ಅಂದರು: ‘ನಿಮ್ಮ ಸ್ಟಾಫಿನಾಗ ಮಕ್ಕಳ ಫೀ ತುಂಬಾಕ ತ್ರಾಸ ಪಡಾವರು ಅದಾರ. ಅವರ ಮುಂದ ಲಕ್ಷದ ಸೈಕಲ್ ಅಂದ್ರ ಅವರಿಗೆ ಹೆಂಗ ಅನಸತೈತಿ, ವಿಚಾರ ಮಾಡಿಯೇನು?’

ಅವರ ಮಾತು ಸುಳ್ಳಾಗಿರಲಿಲ್ಲ. ಊರು ಬರುವ ತನಕ ಯೋಚಿಸಿದೆ. ನಾನಾಗಿ ಡಂಗುರ ಸಾರುವುದಿಲ್ಲ, ಆದರೆ ಬಾಯಿ ಬಿಟ್ಟು ಕೇಳಿದವರಿಗೆ ಸುಳ್ಳು ಹೇಳುವುದಿಲ್ಲ ಎಂದು ನಿಶ್ಚಯಿಸಿದೆ. ಇವರಿಗೂ ಹಾಗೆಯೇ ಹೇಳಿದೆ.

ಸೂಟಿ ಮುಗಿದ ವಾರದಲ್ಲೇ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಹೇಳಿದೆ. ‘ನಾ ಆಗಿದ್ರ ಬಂಗಾರ ಮಾಡಸ್ತಿದ್ದೆ ನೋಡ್ರಿ’ ಅಂದರು ಅವರು. ಇನ್ನೊಬ್ಬರು, ದಿನಾ ನನ್ನ ಜೊತೆ ಬುತ್ತಿ ಬಿಚ್ಚುವವರು, ಕೆಲ ದಿನ ಬೇರೆ ಮೇಜಿನಲ್ಲಿ ಉಂಡರು. ಅದು ಚುಚ್ಚಿತು. ಅವರ ಸಂಸಾರದ ತಾಪತ್ರಯ ನನಗೆ ಗೊತ್ತಿತ್ತು. ನಾನು ನನ್ನ ಬುತ್ತಿ ಎತ್ತಿಕೊಂಡು ಅವರ ಮೇಜಿಗೇ ಹೋಗಿ ಕುಳಿತೆ. ಅವರು ಶೇಂಗಾ ಚಟ್ನಿ ನನ್ನ ಕಡೆ ಸರಿಸಿದರು. ಸೈಕಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ. ಸುದ್ದಿ ಕೇಳಿ ದೂರದ ನೆಂಟರೊಬ್ಬರು ಮನೆಗೆ ಕೈಗಡ ಕೇಳಲು ಬಂದರು. ಇಲ್ಲ ಅಂದೆ. ಚಹಾ ಕುಡಿಯದೆ ಹೋದರು. ಗಂಡ ನನ್ನ ಮುಖ ನೋಡಿ, ತುಂಬಿದ ಕಪ್ಪನ್ನು ಒಳಗೆ ಒಯ್ದರು.

ಅಣ್ಣ ಮತ್ತೆ ಸಿಕ್ಕಿದ್ದು ಬೇಸಿಗೆಯಲ್ಲಿ, ಸಿಂದಗಿಯ ಒಂದು ಮದುವೆಯಲ್ಲಿ. ನಡುವೆ ಫೋನಿನಲ್ಲಿ ಹೂಂ, ಊಹೂಂ ಅಷ್ಟೇ ಇತ್ತು. ಊಟದ ಪಂಕ್ತಿಯಲ್ಲಿ ನಾಲ್ಕು ಜನರ ನಡುವೆ ಕುಳಿತು ಅವನು ಹೇಳುತ್ತಿದ್ದ: ‘ನಮ್ಮ ತಂಗಿ ಬಾಗೇವಾಡಿಯಿಂದ ನಮ್ಮೂರ ತನಕ ಸೈಕಲ್ ತುಳದಾಳ. ಸೈಕಲ್ ಅಂದ್ರ ಸಾದಾ ಅಲ್ರಿ, ಎರಡ ಲಕ್ಷದ್ದು.’

ಬಡಿಸುತ್ತ ಬಂದ ನಾನು ಅಲ್ಲೇ ನಿಂತೆ. ‘ಎರಡಲ್ಲ ಅಣ್ಣಾ. ಒಂದು ಲಕ್ಷ ಇಪ್ಪತ್ತು.’

‘ಇರ್ಲಿ ಬಿಡ. ಮಂದಿ ಮುಂದ ಸ್ವಲ್ಪ ಹೆಚ್ಚ ಹೇಳಬೇಕು.’

‘ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ’ ಅಂದೆ. ಪಂಕ್ತಿಯವರು ನಕ್ಕರು. ಅಣ್ಣ ಎಲೆ ಮುಂದೆ ಸರಿಸಿ, ‘ಇನ್ನೊಂದ ಹೋಳಿಗಿ ಹಾಕು’ ಅಂದ. ಅವನ ದನಿ ಮೊದಲಿನಂತೆಯೇ ಇತ್ತು.

ನನ್ನ ಗಂಡ ಈಗಲೂ ನನ್ನ ಮಾತು ಪೂರ್ತಿ ಒಪ್ಪಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಸೈಕಲ್ಲಿನ ರೇಟು ಕೇಳಿದರೆ ‘ಆಕಿನ್ನ ಕೇಳ್ರಿ’ ಅನ್ನುತ್ತಾರೆ. ಅಷ್ಟು ಸಾಕು ನನಗೆ. ಬರುವ ಭಾನುವಾರ ಮುದ್ದೇಬಿಹಾಳ ದಾಟಿ ನಾಲತವಾಡದ ತನಕ ಹೋಗಬೇಕೆಂದಿದ್ದೇನೆ. ದಾರಿಯ ಚಹಾದಂಗಡಿಗಳಲ್ಲಿ ಜನ ಸುತ್ತುಗಟ್ಟುತ್ತಾರೆ, ಕೇಳಿಯೇ ಕೇಳುತ್ತಾರೆ. ಹೇಳುತ್ತೇನೆ.