ಮುಂದಿನದನ್ನು ಹೇಳದ ಅಜ್ಜಿ

ಅಜ್ಜಿಯ ಮೂಗಿನ ತುದಿಯಲ್ಲಿ ಯಾವಾಗಲೂ ಚೂರು ಜೋಳದ ಹಿಟ್ಟು ಅಂಟಿರುತ್ತಿತ್ತು. ರೊಟ್ಟಿ ಬಡಿಯುವಾಗ ಜಾರುವ ಕನ್ನಡಕವನ್ನು ಹಿಟ್ಟಿನ ಕೈಯಲ್ಲೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ಧಾರವಾಡದವರು, ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮ್ಮ ಪಕ್ಕದ ಮನೆ. ಅಪ್ಪ ಅಮ್ಮ ಇಬ್ಬರೂ ಮೈಸೂರಿನಿಂದ ಬಂದ ಡಾಕ್ಟರು. ಅವರು ಆಸ್ಪತ್ರೆಯಿಂದ ಬರುವವರೆಗೆ ನಾನು ಅಜ್ಜಿಯ ಅಡುಗೆಮನೆಯಲ್ಲಿ.

ಅಮೆರಿಕದ ದೊಡ್ಡವರ ಬಾಲ್ಯದ ಕಥೆಗಳಿದ್ದ ಹಳೆಯ ಪುಸ್ತಕವೊಂದು ಅವರಲ್ಲಿತ್ತು. ಲಂಡನ್ನಿನಲ್ಲಿದ್ದುಕೊಂಡು ಅಮೆರಿಕದವರು ಯಾಕೆ ಎಂದರೆ, "ಲೈಬ್ರರಿಯವರು ಅದನ್ನ ಮಾರಾಕ ಇಟ್ಟಿದ್ರು, ನಾ ಏನ ಮಾಡ್ಲಿ?" ಎನ್ನುತ್ತಿದ್ದರು. ಅವರ ಬಾಯಲ್ಲಿ ಅಮೆರಿಕದವರೆಲ್ಲ ಅಪ್ಪಟ ಧಾರವಾಡದವರು. ರೈಲಿನಲ್ಲಿ ಪೇಪರ್ ಮಾರುತ್ತಿದ್ದ ಹುಡುಗ ಲಗೇಜ್ ಡಬ್ಬಿಯಲ್ಲಿ ಏನೋ ಪ್ರಯೋಗ ಮಾಡಲು ಹೋಗಿ ಬೆಂಕಿ ಹಚ್ಚಿದಾಗ, ಗಾರ್ಡ್ ಓಡಿ ಬಂದು, "ಏ ಖೋಡಿ, ಗಾಡಿಗೇ ಬೆಂಕಿ ಹಚ್ಚೀಯೇನಲೇ!" ಎಂದು ಬೈಯುತ್ತಿದ್ದ.

ಆದರೆ ಹುಡುಗ ದೊಡ್ಡವನಾಗುವ ಹೊತ್ತಿಗೆ ಕಥೆ ನಿಂತುಬಿಡುತ್ತಿತ್ತು. "ಮುಂದಿಂದು ಎಲ್ಲಾರಿಗೂ ಗೊತ್ತೈತಿ, ನಾ ಯಾಕ ಹೇಳ್ಲಿ?"

ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಪ್ರಸಿದ್ಧರೊಬ್ಬರ ಬಗ್ಗೆ ಮಾತಾಡಬೇಕಾದಾಗ ಇದೇ ಹುಡುಗನ ಕಥೆಯನ್ನು ಬೆಂಕಿಯ ಸಮೇತ ಜೋರಾಗಿ ಹೇಳಿದೆ. "ಮುಂದೆ ಆತ ಏನು ಮಾಡಿದ?" ಎಂದು ಟೀಚರ್ ಕೇಳಿದರು. ಗೊತ್ತಿಲ್ಲ ಎಂದೆ. ಅವರು ನಗುತ್ತ ನನ್ನ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ತೋರಿಸಿ, "ಇದನ್ನು" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಅಳುತ್ತ ಬಂದು ಅಜ್ಜಿಯ ಮೇಲೆ ಹರಿಹಾಯ್ದೆ. ಅವರು ರೊಟ್ಟಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಕಣ್ಣೊರೆಸಿ, "ಬೆಂಕಿ ಹತ್ತಿದ ದಿವಸ ಅವಗರ ಗೊತ್ತಿತ್ತೇನ, ಮುಂದ ನಾ ಏನ ಆಗ್ತೀನಿ ಅಂತ?" ಎಂದರು. ನನಗೇನೂ ಸಮಾಧಾನವಾಗಲಿಲ್ಲ. ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದೆ, ಅಷ್ಟೆ.

ವರ್ಷಗಳಾದ ಮೇಲೆ ಮೆಡಿಕಲ್ ಸೀಟಿಗೆ ಬೇಕಾದ ಮಾರ್ಕ್ಸ್ ನನಗೆ ಬರಲಿಲ್ಲ. ಮನೆಯಲ್ಲಿ ಎಲ್ಲರದೂ ಹರಳೆಣ್ಣೆ ಕುಡಿದ ಮುಖ. ನಾನಿನ್ನು ಯಾವುದಕ್ಕೂ ಬಾರದವಳು ಅನ್ನಿಸಿ, ಪಕ್ಕದ ಮನೆಗೆ ಹೋಗಿ ಕೂತೆ. ಅಜ್ಜಿ ಹಿಟ್ಟು ನಾದುತ್ತ ಶುರುಮಾಡಿದರು.

"ರೇನರ್ಸ್ ಲೇನದಾಗ ಒಬ್ಬಾಕಿ ಹುಡುಗಿ ಇದ್ಲು. ರೊಟ್ಟಿ ಒಲ್ಲೆ ಅಂತಿದ್ಲು, ಕಥಿ ಚಾಲೂ ಆತಂದ್ರ ಎರಡ ತಿಂತಿದ್ಲು. ಸಾಲ್ಯಾಗ ಎಲ್ಲಾರೂ ನಕ್ರು, ಮರದಿನ ಮತ್ತ ಕಥಿ ಕೇಳಾಕ ಬಂದ್ಲು. ಒಂದ ದಿವಸ ಮಾರ್ಕ್ಸ್ ಕಮ್ಮಿ ಬಿದ್ದುವು."

ನಿಲ್ಲಿಸಿ, ರೊಟ್ಟಿಯನ್ನು ಹಂಚಿಗೆ ಹಾಕಿದರು.

"ಮುಂದೆ ಏನಾಯ್ತು ಅಜ್ಜಿ?"

"ಮುಂದಿಂದು ನಾ ಯಾವತ್ತರ ಹೇಳೇನೇನು?"

ಕ್ಲಾಸು ನಕ್ಕ ದಿನ ಅಷ್ಟು ಅತ್ತವಳು ಈ ಸಲ ಅವರ ಮೂಗಿನ ಮೇಲಿನ ಹಿಟ್ಟು ನೋಡಿ ನಕ್ಕುಬಿಟ್ಟೆ.

ಮುಂದಿನ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ನಾನಿನ್ನೂ ಏನೂ ಆಗಿರಲಿಲ್ಲ. ಈಗ ನಾಟಕಗಳಿಗೆ ಬೆಳಕು ಕೊಡುವುದು ನನ್ನ ಕೆಲಸ. ಪರದೆ ಏಳುವ ಮುಂಚೆ ಮೊದಲ ದೀಪ ಹೊತ್ತಿಸುವಾಗಲೆಲ್ಲ ಅವರು ನೆನಪಾಗುತ್ತಾರೆ. ಬಲ್ಬಿನ ಕೆಳಗೆ ಗೊತ್ತಿಲ್ಲ ಎಂದು ನಿಂತಿದ್ದ ಹುಡುಗಿಗೆ ಇದೇ ಕೆಲಸ ಸಿಕ್ಕಿತೆಂದು ಅಜ್ಜಿಗೆ ಹೇಳಬೇಕಿತ್ತು. ರೊಟ್ಟಿ ಬಿಟ್ಟು ನಗುತ್ತಿದ್ದರು.