ಹಡಗಿನ ಕೊನೆಯ ದಿನ, ಪಕ್ಕದ ಮನೆಯ ಅಕ್ಕ

ಪಕ್ಕದ ಮನೆಯ ಅಕ್ಕ ನಗುವಾಗ ಜಪಾನಿ ಹೆಂಗಸರ ಹಾಗೆ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಆದರೆ ಕೈ ಬಾಯಿ ಮುಟ್ಟುವಷ್ಟರಲ್ಲಿ ನಗು ಹೊರಗೆ ಬಂದು ಲಿಫ್ಟಿನ ತನಕ ಹೋಗಿಬಿಟ್ಟಿರುತ್ತಿತ್ತು. ಒಂದರ ಮೇಲೊಂದು ಹತ್ತಿದ ಮುಂದಿನ ಎರಡು ಹಲ್ಲು, ಎಡ ಹುಬ್ಬನ್ನು ಎರಡು ಮಾಡಿದ ಒಂದು ಹಳೆಯ ಗಾಯದ ಗೆರೆ. ನಕ್ಕಾಗ ಆ ಗೆರೆಯೂ ಮೇಲೇರುತ್ತಿತ್ತು. ಟೋಕಿಯೋದ ಎಡೋಗಾವಾದ ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳು ತೆಳ್ಳಗೆ. ಸಂಜೆ ಅವರ ಗಂಡ, ನನಗೆ ಭಾವ, ಆಫೀಸಿನಿಂದ ಬಂದ ಹತ್ತು ನಿಮಿಷಕ್ಕೆ ಆ ನಗು ಶುರು. ನಾನು ಇತ್ತ ಒಗ್ಗರಣೆ ಹಾಕುತ್ತಾ, ಇವತ್ತು ಏನು ಹೇಳಿ ನಗಿಸಿದರೋ ಎಂದು ಕಿವಿಗೊಡುತ್ತಿದ್ದೆ. ಕಿವಿಗೊಡುತ್ತಿದ್ದೆ ಅನ್ನುವುದು ಸಭ್ಯತೆಯ ಮಾತು. ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಅಕ್ಕ ನನಗೆ ರಕ್ತಸಂಬಂಧವಲ್ಲ. ಚನ್ನರಾಯಪಟ್ಟಣದ ಕಡೆಯವರು, ಕನ್ನಡ ಮೀಡಿಯಂ. ಜಪಾನಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ, ಸಾಲಿನಲ್ಲಿ ನಿಂತ ಹೆಂಗಸರ ಬಾಯಿಂದಲೇ ಜಪಾನಿ ಕಲಿತವರು. ಆಮೇಲೆ ಅಕ್ಷರವನ್ನೂ ಹಟ ಹಿಡಿದು ಕಲಿತರು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಬೆಳೆದವಳು. ನನ್ನ ಇಂಗ್ಲಿಷಿನಿಂದ ಇಲ್ಲಿ ಒಂದು ಕಟ್ಟು ಸೊಪ್ಪೂ ಸಿಗಲಿಲ್ಲ. ಮಗಳ ಶಾಲೆಯಿಂದ ವಾರಕ್ಕೆ ಮೂರು ಕಾಗದ ಬರುತ್ತಿದ್ದವು. ಮೊದಲ ವರ್ಷ ಒಂದು ದಿನ, ಎಲ್ಲ ಮಕ್ಕಳೂ ಈಜುಡುಗೆ ತಂದಿದ್ದಾರೆ, ನನ್ನ ಮಗಳೊಬ್ಬಳೇ ಬರಿಗೈಯಲ್ಲಿ ಹೋಗಿದ್ದಾಳೆ. ಅಳುತ್ತಾ ಮನೆಗೆ ಬಂದವಳ ದನಿ ಗೋಡೆಯಾಚೆ ಕೇಳಿಸಿರಬೇಕು. ಅಕ್ಕ ಬೆಲ್ ಒತ್ತಿ ಒಳಗೆ ಬಂದು, ಫ್ರಿಜ್ಜಿನ ಮೇಲೆ ನಾನು ಪೇರಿಸಿಟ್ಟಿದ್ದ ಕಾಗದಗಳನ್ನೆಲ್ಲ ಬಾಚಿಕೊಂಡು ಹೋದರು. ಮರುದಿನ ಅಷ್ಟೂ ಕಾಗದ ವಾಪಸು ಬಂದವು. ಅಂಚಿನಲ್ಲೆಲ್ಲ ಕೆಂಪು ಪೆನ್ನಿನ ಗುಂಡು ಗುಂಡು ಕನ್ನಡ: "ಬುಧವಾರ ಹಳದಿ ಟೋಪಿ." "ಇದು ಬರೀ ಉಪದೇಶ, ಬಿಸಾಕು." "ಇದಕ್ಕೆ ಸಹಿ ಹಾಕು, ನಾಳೆಯೇ."

ಆರು ವರ್ಷ ಹೀಗೆ ನಡೆಯಿತು. ಒಂದು ಕಾಗದವೂ ತಪ್ಪಲಿಲ್ಲ. ನಾನು ಸಂಕೋಚಪಟ್ಟರೆ ಒಂದೇ ಮಾತು: "ಓದಕ್ಕೆ ಬರದೋರಿಗೆ ಓದಿ ಹೇಳೋದು ಅಂದ್ರೆ ಕಣ್ಣಿಲ್ಲದೋರನ್ನ ರಸ್ತೆ ದಾಟಿಸಿದ ಹಾಗೆ ಕಣೇ. ಮಧ್ಯದಲ್ಲಿ ಕೈ ಬಿಡಬಾರ್ದು."

ಇಂಥವರ ಮೇಲೆ ಹೊಟ್ಟೆಕಿಚ್ಚು ಯಾಕೆ ಎಂದರೆ, ಭಾವನಿಂದಾಗಿ. ಭಾವ ಕಿತ್ತಳೆ ಸುಲಿದು ಮೇಲಿನ ಬಿಳಿ ನಾರು ಪೂರಾ ತೆಗೆದು ಅಕ್ಕನ ಕೈಗೆ ಕೊಡುತ್ತಿದ್ದರು. ಮಳೆ ಬಂದರೆ ಅವರ ಕೊಡೆ ಅಕ್ಕನ ಕಡೆಗೇ ವಾಲಿರುತ್ತಿತ್ತು. ಅವರ ಒಂದು ಭುಜ ಯಾವಾಗಲೂ ಒದ್ದೆ. ನಮ್ಮನೆಯವರು ಕೆಟ್ಟವರಲ್ಲ. ಊಟ ಮಾಡುವಾಗ ನನ್ನನ್ನು ನೋಡುವುದಿಲ್ಲ, ಅಷ್ಟೆ. "ಇವತ್ತಿನ ಸಾರು ಹೇಗಿದೆ?" ಅಂದರೆ "ಇವತ್ತು ಸಾರಾ?" ಅನ್ನುತ್ತಾರೆ.

ಮೆಡಿಟರೇನಿಯನ್ ಸಮುದ್ರದ ಹಡಗಿನ ಪ್ರವಾಸಕ್ಕೆ ನಮ್ಮನ್ನು ತಮ್ಮ ಜೊತೆ ಹೊರಡಿಸಿದ್ದೂ ಅಕ್ಕನೇ. "ನಿಮ್ಮತ್ತೆ ಬಂದಿದಾರೆ, ಮಗೂನ ನೋಡ್ಕೋತಾರೆ. ಈಗ ಬಿಟ್ರೆ ಇನ್ಯಾವಾಗ?" ಎಂದು ನಮ್ಮನೆಯವರನ್ನು ಕೂರಿಸಿಕೊಂಡು ಒಪ್ಪಿಸಿದರು. ಬಾರ್ಸಿಲೋನಾದಲ್ಲಿ ಹತ್ತಿ, ಎಂಟನೆಯ ದಿನ ಬೆಳಗ್ಗೆ ಅಲ್ಲೇ ಇಳಿಯುವುದು. ಹಡಗಿನಲ್ಲಿ ಎಲ್ಲವೂ ಇಂಗ್ಲಿಷ್. ದಿನವೂ ಮರುದಿನದ ವಿವರದ ಅಚ್ಚಿನ ಹಾಳೆಯೊಂದು ಕೋಣೆಗೆ ಬರುತ್ತಿತ್ತು. ಅಕ್ಕ ತಮ್ಮ ಹಾಳೆಯನ್ನು ತಂದು ನನ್ನ ಕೈಗಿಟ್ಟು, "ಈಗ ನಿನ್ನ ಸರದಿ, ಟೀಚರಮ್ಮ. ನೀನು ಏನು ಹೇಳ್ತೀಯೋ ಅದೇ ನಮಗೆ ವೇದ" ಎನ್ನುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ.

ಕೊನೆಯ ದಿನ ಪೂರ್ತಿ ಸಮುದ್ರದ ಮೇಲೆ. ಬೆಳಗಿನ ತಿಂಡಿಯಾದ ಮೇಲೆ ನಾವಿಬ್ಬರೂ ಮೇಲಿನ ಡೆಕ್ಕಿನಲ್ಲಿ ಒಂದು ಸುತ್ತು ಹಾಕೋಣ ಎಂದು ನಮ್ಮನೆಯವರು ಹಿಂದಿನ ದಿನವೇ ಮಾತು ಕೊಟ್ಟಿದ್ದರು. ಹೊರಡುವ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು, "ಟೋಕಿಯೋದವರು ಲೈನಲ್ಲಿದಾರೆ, ನೀನು ನಡೀತಿರು, ಬಂದೆ" ಎಂದರು. ನಾನು ನಡೆದೆ. ಆ ಉದ್ದದ ಡೆಕ್ಕನ್ನು ಮೂರು ಸಲ ಸುತ್ತಿದೆ. ನಾಲ್ಕನೆಯ ಸುತ್ತಿನಲ್ಲಿ ಅಕ್ಕ-ಭಾವ ಕಂಡರು. ಅಕ್ಕ ಒರಗು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಭಾವ ಪಕ್ಕದಲ್ಲಿ ಮಂಡಿಯೂರಿ ಕೂತು ಬಿಸಿಲಿಗೆ ಹಚ್ಚುವ ಕ್ರೀಮನ್ನು ಅವರ ಕತ್ತಿಗೆ ಹಚ್ಚುತ್ತಿದ್ದರು.

"ರೀ, ಕಿವಿ ಹಿಂದೆ ಬಿಟ್ರಿ."

"ಕಿವಿ ಹಿಂದೆ ಯಾವ ಬಿಸಿಲು ಬೀಳುತ್ತೆ ಮಹಾರಾಯ್ತಿ?"

"ಬೀಳ್ಲಿ ಬಿಡ್ಲಿ, ನೀವು ಹಚ್ಚಿ."

ಅಷ್ಟರಲ್ಲಿ ನನ್ನನ್ನು ನೋಡಿ, "ಏನೇ, ಒಬ್ಬಳೇ ಸುತ್ತುತಿದೀಯ? ಗಂಡನ್ನ ಸಮುದ್ರಕ್ಕೆ ತಳ್ಳಿ ಬಂದ್ಯಾ?" ಎಂದು ನಕ್ಕರು. ಆ ನಗು ಎಲ್ಲಿಯವರೆಗೆ ಹೋಯಿತೋ ಗೊತ್ತಿಲ್ಲ. ಹತ್ತು ಕುರ್ಚಿಯಾಚೆಯವರು ತಿರುಗಿ ನೋಡಿದರು. ನಾನೂ ನಕ್ಕೆ. ಐದನೆಯ ಸುತ್ತು ಹಾಕದೆ ಕೋಣೆಗೆ ಇಳಿದೆ.

ಮಧ್ಯಾಹ್ನ ಆ ಸಂಜೆಯ ಮತ್ತು ಇಳಿಯುವ ದಿನದ ವಿವರದ ಹಾಳೆ ಬಂದಾಗ ನಮ್ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ರಾತ್ರಿ ಮಲಗುವುದರೊಳಗೆ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು, ನಾಳೆಗೆ ಬೇಕಾದ ಬಟ್ಟೆಯನ್ನು ಮಾತ್ರ ಉಳಿಸಿಕೊಳ್ಳಬೇಕು. ರಾತ್ರಿಯೂಟಕ್ಕೆ ಕೋಣೆಯ ಬಾತ್‌ರೋಬು, ಚಪ್ಪಲಿಯಲ್ಲಿ ಬರುವ ಹಾಗಿಲ್ಲ. ಅವರು ತಲೆಯೆತ್ತದೆ "ಹೂಂ" ಎಂದರು. ಅಕ್ಕನಿಗೆ ಪೆಟ್ಟಿಗೆಯ ವಿಷಯವಷ್ಟೇ ಹೇಳಿದೆ. ಎರಡನೆಯದನ್ನು ಬೇಕೆಂದು ಬಿಡಲಿಲ್ಲ, ದೇವರಾಣೆ. ಯಾರಾದರೂ ಬಾತ್‌ರೋಬಿನಲ್ಲಿ ಊಟಕ್ಕೆ ಹೋಗುತ್ತಾರೆಯೇ ಅನ್ನಿಸಿತ್ತು.

ಹೋಗುತ್ತಾರೆ. ಜಪಾನಿನಲ್ಲಿ ಇಪ್ಪತ್ತು ವರ್ಷ ಇದ್ದವರು ಹೋಗುತ್ತಾರೆ. ಅಲ್ಲಿಯ ಓನ್ಸೆನ್ ಛತ್ರಗಳಲ್ಲಿ ಬಿಸಿನೀರ ಸ್ನಾನ ಮುಗಿಸಿ, ಛತ್ರದವರೇ ಕೊಟ್ಟ ಯುಕಾತಾ ನಿಲುವಂಗಿ ಸುತ್ತಿಕೊಂಡು ಎಲ್ಲರೂ ಊಟದ ಹಾಲಿಗೆ ಬರುತ್ತಾರೆ. ಕಂಪನಿಯ ದೊಡ್ಡ ಸಾಹೇಬರೂ ಅದರಲ್ಲೇ. ಬೇರೆ ಬಟ್ಟೆ ಹಾಕಿಕೊಂಡು ಬಂದವರೇ ಅಲ್ಲಿ ವಿಚಿತ್ರ.

ಸಂಜೆ ಏಳಕ್ಕೆ ನಾನು ಮೈಸೂರು ಸಿಲ್ಕ್ ಉಟ್ಟು ಹೊರಬಂದೆ. ನಮ್ಮನೆಯವರು ಫೋನು ಕಿವಿಗಿಟ್ಟುಕೊಂಡು ಮುಂದೆ ಲಿಫ್ಟಿನ ಹತ್ತಿರ ಹೋಗಿದ್ದರು. ಅಷ್ಟರಲ್ಲಿ ಅಕ್ಕನ ಕೋಣೆಯ ಬಾಗಿಲು ತೆರೆಯಿತು. ಇಬ್ಬರೂ ಹಡಗಿನವರು ಕೊಟ್ಟಿದ್ದ ಬಿಳಿ ಬಾತ್‌ರೋಬು ತೊಟ್ಟು ನಿಂತಿದ್ದರು. ಎಡಮಗ್ಗುಲನ್ನು ಮೇಲೆ ತಂದು, ಗೆರೆ ತಪ್ಪದ ಹಾಗೆ ಮಡಿಸಿ, ಸೊಂಟಪಟ್ಟಿ ಬಿಗಿದು ಅಚ್ಚುಕಟ್ಟಾಗಿ ಉಟ್ಟಿದ್ದರು. ಕಾಲಲ್ಲಿ ಬಿಳಿ ಚಪ್ಪಲಿ.

"ನಿಮ್ಮ ಭಾವ ಮಧ್ಯಾಹ್ನ ಒಂದೂವರೆಗೇ ಪೆಟ್ಟಿಗೆ ಹೊರಗಿಟ್ಟುಬಿಟ್ರು ಕಣೇ, ಇಡೀ ಹಡಗಿಗೇ ಮೊದಲು. ಉಳಿದಿರೋದು ನಾಳೆ ವಿಮಾನಕ್ಕೆ ಒಂದು ಜೊತೆ. ಅದನ್ನ ಈಗಲೇ ಯಾಕೆ ಮುದುರಿಸೋದು?" ಎಂದರು ಅಕ್ಕ. ಆಮೇಲೆ ನನ್ನ ಸೀರೆ ನೋಡಿ ಸ್ವಲ್ಪ ಅಳುಕಿದರು. "ಹೀಗೆ ಹೋದ್ರೆ ಏನೂ ಅನ್ನಲ್ಲ ತಾನೆ? ಆ ಕಾಗದದಲ್ಲಿ ಏನಾದ್ರೂ ಹಾಕಿದಾರೇನೇ?"

ಭಾವ ಆಗಲೇ ಅಕ್ಕನ ಕಾಲರಿನ ಮಡಿಕೆ ಸರಿಮಾಡುತ್ತಿದ್ದರು.

"ಇಲ್ಲ ಅಕ್ಕ, ಏನೂ ಇಲ್ಲ," ಎಂದೆ ನಾನು. "ಚೆನ್ನಾಗಿ ಕಾಣ್ತಿದೆ."

ಊಟದ ಹಾಲಿನ ಬಾಗಿಲಲ್ಲಿ ಉದ್ದನೆಯ ಸಾಲು. ಕೋಟುಗಳು, ನೆಲ ಗುಡಿಸುವ ಗೌನುಗಳು, ಕುತ್ತಿಗೆಯ ತುಂಬ ಮುತ್ತು. ನಾನು ನಾಲ್ಕು ಜನ ಮುಂದಿದ್ದೆ. ಕಪ್ಪು ಕೋಟಿನವನು ಅಕ್ಕನ ಮುಂದೆ ಕೈ ಅಡ್ಡ ಹಿಡಿದು, ಬಹಳ ವಿನಯದಿಂದ, ಬಟ್ಟೆ ಬದಲಾಯಿಸಿಕೊಂಡು ಬರಬೇಕು ಎಂದ. ಅಕ್ಕನಿಗೆ ಅರ್ಥವಾಗಲಿಲ್ಲ. ಅವನು ಬಾತ್‌ರೋಬಿನ ಕಡೆ ಬೆರಳು ತೋರಿಸಿದ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಒಬ್ಬಾಕೆ ಫೋನೆತ್ತಿ ಫೋಟೋ ತೆಗೆದಳು. ಅಕ್ಕ ಸೊಂಟ ಬಗ್ಗಿಸಿ "ಸುಮಿಮಾಸೆನ್, ಸುಮಿಮಾಸೆನ್" ಎಂದರು, ಆ ಹಾಲಿನಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಕ್ಷಮೆ ಕೇಳುತ್ತಾ. ಅವರ ಕೈ ಬಾಯಿಗೆ ಹೋಯಿತು. ಆ ಒಂದು ಸಲ ನಗು ಬರಲಿಲ್ಲ.

ನನಗೆ ಬೇಕಾಗಿದ್ದು ಇದೇ ತಾನೆ? ಆದರೆ ಭಾವ ಅಕ್ಕನ ತೋಳು ಹಿಡಿದು, "ನಡಿ ಮಹಾರಾಯ್ತಿ. ಮಾರುವೇಷದಲ್ಲಿ ಬಂದ ರಾಜ-ರಾಣಿಯನ್ನ ಇವರು ಗುರುತು ಹಿಡೀಲಿಲ್ಲ" ಎಂದು, ಆ ಬಿಳಿ ಚಪ್ಪಲಿಯಲ್ಲೇ ಗತ್ತಿನಿಂದ ಹೆಜ್ಜೆ ಹಾಕುತ್ತಾ ಕರೆದುಕೊಂಡು ಹೋದರು. ನಾನು ಕಿತ್ತುಕೊಳ್ಳಲು ನೋಡಿದ್ದು ಅವರಲ್ಲಿ ಇನ್ನಷ್ಟಾಯಿತು. ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಇಪ್ಪತ್ತು ನಿಮಿಷದ ಮೇಲೆ ಇಬ್ಬರೂ ನಾಳೆಯ ಬಟ್ಟೆ ಹಾಕಿಕೊಂಡು ಬಂದು ನಮ್ಮ ಮೇಜಿಗೇ ಕೂತರು. ವಿಷಯ ಕೇಳಿದ ನಮ್ಮನೆಯವರು ಫೋನು ಕೆಳಗಿಟ್ಟು, "ಅರೆ! ಇವಳು ಮಧ್ಯಾಹ್ನನೇ ನನಗೆ ಓದಿ ಹೇಳಿದ್ಲಲ್ಲ, ಬಾತ್‌ರೋಬಲ್ಲಿ ಊಟಕ್ಕೆ ಬರಬಾರ್ದು ಅಂತ ಹಾಳೇಲೇ ಇತ್ತು" ಎಂದರು.

ಹನ್ನೆರಡು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಅವರು ಕಿವಿಗೆ ಹಾಕಿಕೊಂಡದ್ದು ಆ ಒಂದು ದಿನ.

ಭಾವ ನನ್ನ ಕಡೆ ನೋಡಿದರು. ಅಕ್ಕನೂ ನೋಡಿದರು. ಹುಬ್ಬಿನ ಆ ಗೆರೆ ಅಲುಗಲಿಲ್ಲ. ತಟ್ಟೆಯ ಬ್ರೆಡ್ಡನ್ನು ನಿಧಾನವಾಗಿ ಎರಡು ಮಾಡಿ, "ಹೌದು, ನನಗೂ ಹೇಳಿದ್ಲು. ನಾನೇ ಮರೆತೆ. ವಯಸ್ಸಾಯ್ತಲ್ಲ" ಎಂದರು. ಆಮೇಲೆ ನನ್ನ ತಟ್ಟೆಯ ಕಡೆ ಕೈ ತೋರಿಸಿ, "ತಿನ್ನು, ಆರೋಗುತ್ತೆ" ಎಂದರು.

ಮರುದಿನ ಬೆಳಗ್ಗೆ ಹಡಗು ಇಳಿಯುವ ಸಾಲಿನಲ್ಲಿ ಅಕ್ಕನ ಬೆನ್ನ ಹಿಂದೆ ನಿಂತು, "ಅಕ್ಕ, ನಾನು ಬೇಕೂಂತಲೇ..." ಎಂದೆ.

ಅವರು ತಿರುಗಲಿಲ್ಲ. "ನನ್ನ ಕಂಡ್ರೆ ನಿನಗೆ ಹೊಟ್ಟೆ ಉರಿಯುತ್ತೆ ಅಂತ ನನಗೇನು ಹೊಸದಾ? ನಾವು ನಕ್ಕಾಗೆಲ್ಲ ನಿಮ್ಮ ಮನೇಲಿ ಪಾತ್ರೆ ಜೋರಾಗಿ ಬೀಳುತ್ತೆ. ಆರು ವರ್ಷದಿಂದ ಕೇಳ್ತಿದೀನಿ. ಅಷ್ಟಕ್ಕೆ ನಿನ್ನ ಮನೆಗೆ ಬರೋದು ಬಿಡಕ್ಕಾಗುತ್ತೇನೇ?" ಸಾಲು ಸ್ವಲ್ಪ ಮುಂದೆ ಸರಿಯಿತು. ಅವರೂ ಸರಿದರು. "ಆದ್ರೆ ಕೇಳಿದಾಗ ಸುಳ್ಳು ಹೇಳಬಾರ್ದಿತ್ತು. ಅದು ನೋವಾಯ್ತು."

ಇಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಬದಲಿಗೆ, ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಅಕ್ಕ ತಮ್ಮ ಬಾತ್‌ರೋಬಿನ ಕಥೆಯನ್ನು ತಾವೇ ಎದ್ದು ನಿಂತು ಅಭಿನಯಿಸಿ ಹೇಳುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದು ನಗುವರು. ಪ್ರತಿಸಲವೂ ಅದೇ ಜಾಗದಲ್ಲಿ ಅದೇ ಮಾತು: "ಇವಳು ಹೇಳಿದ್ಲು ಪಾಪ, ನಾನೇ ಮರೆತೆ." ಒಂದು ಸಲವೂ ನನ್ನ ಕಡೆ ನೋಡುತ್ತಿರಲಿಲ್ಲ. ಇನ್ನೊಬ್ಬರ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು, ಅದನ್ನೇ ತಮಾಷೆ ಮಾಡಿ ಹಂಚುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಋಣ ತೀರಿಸುವ ದಾರಿ ನನಗೆ ಇಂದಿಗೂ ಹೊಳೆದಿಲ್ಲ.

ಕಳೆದ ವಸಂತದಲ್ಲಿ ಭಾವನ ಕಂಪನಿ ಅವರನ್ನು ನಗೋಯಾಕ್ಕೆ ಕಳಿಸಿತು. ಪಕ್ಕದ ಮನೆಯಲ್ಲಿ ಈಗ ಸದ್ದು ಮಾಡದ ಒಬ್ಬ ಮುದುಕರಿದ್ದಾರೆ. ಭಾನುವಾರ ನಾನೇ ಅಕ್ಕನಿಗೆ ಫೋನು ಮಾಡುತ್ತೇನೆ. ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ಹಿಂದಿನಿಂದ "ಅಕ್ಕಾ..." ಎಂದು ಎಳೆಯ ದನಿಯೊಂದು ಕರೆಯುತ್ತದೆ. ಅಲ್ಲಿಯ ಎದುರು ಮನೆಯವಳಂತೆ, ಮದುವೆಯಾಗಿ ಮೈಸೂರಿನಿಂದ ಈಗಷ್ಟೇ ಬಂದವಳಂತೆ. "ಪಾಪ, ಏನೂ ಗೊತ್ತಾಗಲ್ಲ ಕಣೇ ಈ ಹುಡುಗಿಗೆ. ಇಡ್ಲಾ? ಆಮೇಲೆ ಮಾಡ್ತೀನಿ" ಎಂದು ಅಕ್ಕ ಫೋನು ಇಟ್ಟುಬಿಡುತ್ತಾರೆ.

ಆ ಹುಡುಗಿಯ ಹೆಸರನ್ನು ನಾನು ಇನ್ನೂ ಕೇಳಿಲ್ಲ. ಹೆಸರು ಗೊತ್ತಾದರೆ ಮುಖ ಮೂಡುತ್ತದೆ. ಮುಖ ಮೂಡಿದರೆ, ಅವಳು ಒಳ್ಳೆಯವಳೇ ಇರಬೇಕು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಅಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ.